ರಕ್ತ ಪರೀಕ್ಷೆಯಲ್ಲಿ ಎಇಸಿ (ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣದ ಎಣಿಕೆ) 40 ಬಂದಿದೆ, ತೀರಾ ಕಮ್ಮಿ. ಹಾಗಾದರೆ ನನ್ನದು ಈ ಕಣ ಜಾಸ್ತಿಯಿರುವ ಇಯೊಸಿನೊಫಿಲಿಕ್ ಅಸ್ತಮಾ ಅಲ್ಲ ಅಂತಾನಾ? ಇದು ನಿಮ್ಮ ಪ್ರಶ್ನೆ.

ರಕ್ತ ಕೊಡುವ ಮುಂಚೆ ಉಬ್ಬಸ ಜಾಸ್ತಿಯಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದಿರಾ? ಮೊದಲು ಅದನ್ನು ಹೇಳಿ.

ನನಗೂ ಅಸ್ತಮಾ, ನನ್ನ ಕಥೆ ಕೇಳಿ. ನಾನು ತಗೊಂಡಿದ್ದೆ. ಹಳೇ ಚೀಟಿ ತೋರಿಸಿದೆ, ಮೆಡಿಕಲ್ ಶಾಪಿನವರು ಕೊಟ್ಟರು. ಉಸಿರಾಟ ಸಲೀಸಾಯಿತು. ಮಾತ್ರೆ ನಡೆಯುತ್ತಿರುವಾಗಲೇ ಹೋಗಿ ರಕ್ತ ಕೊಟ್ಟೆ. ಇಯೊಸಿನೊಫಿಲ್ ಹೆಚ್ಚುಕಮ್ಮಿ ಸೊನ್ನೆ. ಮಾತ್ರೆಯ ವಿಷಯ ಡಾಕ್ಟರ್ ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ. ಇದೇ ನೋಡಿ ಎಡವಟ್ಟು. ಸ್ಟೀರಾಯ್ಡ್ ಮಾತ್ರೆ ಒಳಗೆ ಹೋದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿನ ಇಯೊಸಿನೊಫಿಲ್ ಇಳಿದುಬಿಡುತ್ತದೆ. ಆಗ ಎಣಿಸುವುದೆಂದರೆ, ಪೊಲೀಸ್ ಜೀಪು ನಿಂತಿರುವ ಬೀದಿ ನೋಡಿ ಈ ಊರಲ್ಲಿ ಇಸ್ಪೀಟು ಆಡುವವರೇ ಇಲ್ಲ ಅಂದ ಹಾಗೆ. ನನ್ನದು ಸ್ಟೀರಾಯ್ಡಿಗೆ ಬಗ್ಗದ, ನ್ಯೂಟ್ರೋಫಿಲ್ (ಇನ್ನೊಂದು ಬಿಳಿ ರಕ್ತಕಣ) ಬಗೆಯ ಅಸ್ತಮಾ ಅಂತಾಯಿತು. ಅದಕ್ಕೇ ಸ್ಟೀರಾಯ್ಡ್ ಇನ್ಹೇಲರ್ ಡೋಸ್ ಇಳಿಸಿದರು. ಆಮೇಲೆ ಮತ್ತೆ ಮತ್ತೆ ಎಮರ್ಜೆನ್ಸಿ, ಆಕ್ಸಿಜನ್, ಮತ್ತೆ ಅದೇ ಮಾತ್ರೆ. ಮಾತ್ರೆ ಮುಗಿದು ಕೆಲವು ವಾರ ಕಳೆದ ಮೇಲೆ ಬೇರೆ ಶ್ವಾಸಕೋಶ ತಜ್ಞರು ಪರೀಕ್ಷೆ ಮಾಡಿಸಿದಾಗ ಎಇಸಿ 700 ದಾಟಿತ್ತು!

ಅಸ್ತಮಾದ ಬಗೆ ಗೊತ್ತಾಗುವುದು ನಿಜವಾಗಿ ಕಫದಲ್ಲಿ. ಉಪ್ಪುನೀರಿನ ಹಬೆ ಎಳೆಸಿ, ಕಫ ಬರಿಸಿ, ಮೈಕ್ರೋಸ್ಕೋಪಿನಲ್ಲಿ ಜೀವಕೋಶ ಎಣಿಸುತ್ತಾರೆ. ಇಯೊಸಿನೊಫಿಲ್ ಜಾಸ್ತಿ, ನ್ಯೂಟ್ರೋಫಿಲ್ ಜಾಸ್ತಿ, ಎರಡೂ ಜಾಸ್ತಿ, ಎರಡೂ ಇಲ್ಲ, ಹೀಗೆ ನಾಲ್ಕು ಬಗೆ. ಎಲ್ಲ ಕಡೆ ಇದನ್ನು ಮಾಡುವುದಿಲ್ಲ. ಅದಕ್ಕೇ ರಕ್ತ ಪರೀಕ್ಷೆ, ಮತ್ತೆ ಊದಿಸಿ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಅಂತ ನೋಡುವ ಫೆನೋ ಪರೀಕ್ಷೆ. ದೊಡ್ಡವರಲ್ಲಿ ಫೆನೋ 50 ಪಿಪಿಬಿ (ನೂರು ಕೋಟಿಯಲ್ಲಿ ಅಷ್ಟು ಪಾಲು) ದಾಟಿದರೆ ಇಯೊಸಿನೊಫಿಲ್ ಮೇಲೆ ಅನುಮಾನ, 25ಕ್ಕಿಂತ ಕೆಳಗಿದ್ದರೆ ಸಾಧ್ಯತೆ ಕಮ್ಮಿ. ಸಿಗರೇಟು ಸೇದುವವರಿಗೆ ಇದೂ ತಗ್ಗಿ ಬರುತ್ತದೆ. ಎಇಸಿ ಏರಿದರೂ ಅಸ್ತಮಾದಿಂದಲೇ ಅನ್ನುವಂತಿಲ್ಲ, ಜಂತುಹುಳು ಇದ್ದರೂ ಏರುತ್ತದೆ. ತೀವ್ರ ಅಸ್ತಮಾದಲ್ಲಿ ರಕ್ತ ಮತ್ತು ಫೆನೋ ಕಮ್ಮಿ ಬಂದರೆ 3 ಸಲದವರೆಗೂ ಮತ್ತೆ ನೋಡಿ ಅಂತ ಅಸ್ತಮಾದ ಜಾಗತಿಕ ಸಂಸ್ಥೆ ಜಿನಾದ ಮಾರ್ಗಸೂಚಿಯೇ ಹೇಳುತ್ತದೆ. ನೀವು ಒಂದೇ ರಿಪೋರ್ಟ್ ಹಿಡಿದು ಕೂತಿದ್ದೀರಿ.

ಇನ್ನೊಂದು ಮಾತು, ಬೇಜಾರಾಗಬೇಡಿ. ನಿಮಗೆ ಈಗಲೇ ಬಗೆ ಯಾಕೆ ಬೇಕು? ದಿನಾ ಇನ್ಹೇಲರ್ ಸರಿಯಾಗಿ ಎಳೆಯುತ್ತಿದ್ದೀರಾ? ಅದು ಸರಿಯಿದ್ದು, ಡೋಸ್ ಏರಿಸಿದರೂ ಹತೋಟಿಗೆ ಬರದಿದ್ದಾಗ, ಇಯೊಸಿನೊಫಿಲ್ ತಗ್ಗಿಸುವ ಮೆಪೊಲಿಜುಮ್ಯಾಬ್‌ನಂಥ ದುಬಾರಿ ಇಂಜೆಕ್ಷನ್ ಮಾತು ಬಂದಾಗ ಈ ಬಗೆ ತುಂಬಾ ಮುಖ್ಯ. ಅಲ್ಲಿಯವರೆಗೆ ಲ್ಯಾಬಿನವರ ಅಲರ್ಜಿ ಪ್ಯಾಕೇಜಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಹಾಗಂತ ಟೆಸ್ಟಿಗೋಸ್ಕರ ಸ್ಟೀರಾಯ್ಡ್ ಮಾತ್ರೆ ನೀವೇ ನಿಲ್ಲಿಸಬೇಡಿ, ಅಪಾಯ. ಕೊನೇ ಮಾತ್ರೆ ನುಂಗಿದ ತಾರೀಕನ್ನು ಆ ರಿಪೋರ್ಟಿನ ಮೇಲೇ ಪೆನ್ನಲ್ಲಿ ಬರೆದು ಡಾಕ್ಟರಿಗೆ ತೋರಿಸಿ.