ಗುಬ್ಬಿಯಿಂದ ಜರ್ಮನಿಗೆ ಹೊರಟವರಿಗೆ: ಮುದ್ದೆ, ಸಾರು ಮತ್ತು ದಾರಿಯ ಬುತ್ತಿ

ನಮಸ್ಕಾರ. ಅಕ್ಟೋಬರಿನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರಿಗೆ ಸ್ಟುಟ್‌ಗಾರ್ಟ್‌ಗೆ ಹೊರಟಿರುವ ನೀವು ಗುಬ್ಬಿಯಿಂದ ಬರೆದು ಕೇಳಿದ್ದು ಮೂರು ಮಾತು: "ಅಕ್ಕಾ, ಅಲ್ಲಿ ನಮ್ಮ ಊಟ ಸಿಗುತ್ತದೆಯೇ, ಸೂಟ್‌ಕೇಸಿನಲ್ಲಿ ಏನೇನು ತುಂಬಿಕೊಳ್ಳಲಿ, ಊರು ಸುತ್ತಲು ಹೋದಾಗ ಏನು ತಿನ್ನಲಿ?" ನಾನು ತಿಪಟೂರು ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದು, ಮದುವೆಯಾದ ಮೇಲೆ ಸ್ಟುಟ್‌ಗಾರ್ಟ್ ಬಳಿ ನೆಲೆಸಿದವಳು. ಮಕ್ಕಳ ಬೇಸಿಗೆ ರಜೆಗೆಂದು ಈಗ ತುಮಕೂರಿನಲ್ಲಿಯೇ ಇದ್ದೇನೆ. ನಿಮಗೆ ಹೊರಡಲು ಇನ್ನೂ ಕೆಲವು ವಾರಗಳಿರುವುದರಿಂದ, ಆ ವಾರಗಳಲ್ಲಿ ಏನು ಮಾಡಬಹುದೆಂಬುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹೊರಡುವವರ ಮನೆಗಳಲ್ಲಿ ಕೊನೆಯ ವಾರವೆಲ್ಲ ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ ಕರಿಯುವುದರಲ್ಲಿ ಕಳೆದುಹೋಗುತ್ತದೆ. ಅದು ಪ್ರೀತಿಯ ಕೆಲಸ, ಬೇಡವೆನ್ನಬೇಡಿ. ಆದರೆ ಒಂದು ಡಬ್ಬಿಗೆ ನಿಲ್ಲಿಸಿಬಿಡಿ. ಅಲ್ಲಿ ನವೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗಿ, ಪಾಠ ತಲೆಗೆ ಹತ್ತದೆ, ಮನೆಯವರ ನೆನಪು ಒತ್ತರಿಸಿ ಬರುವಾಗ ಹೊಟ್ಟೆ ಕೇಳುವುದು ಹಬ್ಬದ ತಿಂಡಿಯನ್ನಲ್ಲ, ದಿನವೂ ಉಣ್ಣುತ್ತಿದ್ದ ಮುದ್ದೆ, ಬಸ್ಸಾರು, ಅನ್ನ, ಮೊಸರನ್ನು. ಭಾರತೀಯ ಹೋಟೆಲುಗಳು ಅಲ್ಲಿ ಧಾರಾಳವಾಗಿವೆಯಾದರೂ, ಹೆಚ್ಚಿನವು ಉತ್ತರ ಭಾರತದ ಅಡುಗೆಯವು. ಉಪ್ಸಾರನ್ನೋ ಮಸ್ಸೊಪ್ಪನ್ನೋ ಅಲ್ಲಿ ಹುಡುಕಿ ಫಲವಿಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಮ್ಮ ಊಟ ಅಲ್ಲಿ ಕೊಳ್ಳಲು ಸಿಗುವುದಿಲ್ಲ, ಮಾಡಿಕೊಳ್ಳಲು ಬೇಕಾದದ್ದೆಲ್ಲ ಸಿಗುತ್ತದೆ. ಈ ಉಳಿದ ವಾರಗಳಲ್ಲಿ ಅಮ್ಮನ ಪಕ್ಕ ನಿಂತು ಮುದ್ದೆ ತಿರುವುವುದನ್ನು, ಸೊಪ್ಪು ಬೇಳೆ ಬಸಿದು ಬಸ್ಸಾರು ಮಾಡುವುದನ್ನು, ಹಾಲಿಗೆ ಹೆಪ್ಪು ಹಾಕುವುದನ್ನು ಕಲಿತುಕೊಳ್ಳಿ. ಹುಡುಗರು ಇದನ್ನು ಕಲಿಯದೆ ಹೊರಡುವುದು ನಮ್ಮ ಕಡೆ ಇನ್ನೂ ಹೆಚ್ಚು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ರಾಗಿಯ ವಿಷಯ. ರಾಗಿಹಿಟ್ಟು ಭಾರತೀಯ ಹಾಗೂ ಶ್ರೀಲಂಕಾದವರ ದಿನಸಿ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಜರ್ಮನ್ ಅಂಗಡಿಗಳಲ್ಲಿ 'ಹಿರ್ಜೆ' ಎಂದು ಮಾರುವ ಹಳದಿ ಧಾನ್ಯ ಸಾಮಾನ್ಯವಾಗಿ ಬರಗು. ಸಿರಿಧಾನ್ಯವೆಂಬ ಭರವಸೆಯಿಂದ ಅದರ ಹಿಟ್ಟು ತಂದರೆ ಮುದ್ದೆ ಕಟ್ಟಲು ಬರುವುದಿಲ್ಲ. ಆಫ್ರಿಕಾದವರ ಅಂಗಡಿಗಳಲ್ಲಿಯೂ ವಿಚಾರಿಸಿ ನೋಡಿ. ರಾಗಿಯ ಮೂಲ ನೆಲೆ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳು. ಕೀನ್ಯಾದಲ್ಲಿ ಇಂದಿಗೂ ಅದನ್ನು 'ವಿಂಬಿ' ಎಂದು ಕರೆದು, ಬೆಳಗಿನ ಗಂಜಿಗೆ ಬಳಸುತ್ತಾರೆ. ತುಮಕೂರು ಸೀಮೆಯ ಕೆಂಪು ಹೊಲಗಳಲ್ಲಿ ನಾವು ನಮ್ಮದೇ ಎಂದುಕೊಂಡು ಬೆಳೆಯುವ ಧಾನ್ಯವನ್ನು ಇನ್ನೊಂದು ಖಂಡದವರು ಅಷ್ಟೇ ಅಕ್ಕರೆಯಿಂದ ಉಣ್ಣುತ್ತಾರೆಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ನಿಮ್ಮ ತರಗತಿಯಲ್ಲಿ ನೈರೋಬಿಯ ಕಡೆಯವರಿದ್ದರೆ ರಾಗಿಯಿಂದಲೇ ಸ್ನೇಹ ಬೆಳೆಸಬಹುದು.

ಮುದ್ದೆ ತಿರುವುವುದರಲ್ಲಿ ಒಂದು ಎಚ್ಚರ ಬೇಕು. ಅಲ್ಲಿಯ ವಿದ್ಯಾರ್ಥಿ ನಿಲಯಗಳಲ್ಲಿ ಗ್ಯಾಸ್ ಒಲೆ ಅಪರೂಪ, ಹೆಚ್ಚಾಗಿ ನುಣುಪಾದ ಗಾಜಿನ ಹಾಸಿನ ವಿದ್ಯುತ್ ಒಲೆ. ಅದರ ಮೇಲೆಯೇ ಪಾತ್ರೆಯನ್ನು ಒತ್ತಿ ಹಿಡಿದು ಕೋಲಾಡಿಸಿದರೆ ಗಾಜು ಗೀಚಿಹೋಗುತ್ತದೆ, ಬಿರುಕು ಬಿಡಲೂಬಹುದು, ಅದರ ಖರ್ಚು ನಿಮ್ಮ ಮೇಲೆಯೇ ಬರುತ್ತದೆ. ಎಸರು ಕುದಿದು, ಹಿಟ್ಟು ಹಾಕಿ, ಅದು ಚೆನ್ನಾಗಿ ಬೆಂದ ಮೇಲೆ ಪಾತ್ರೆಯನ್ನು ಇಳಿಸಿ, ನೆಲದ ಮೇಲೆ ನಾಲ್ಕು ಮಡಿಕೆಯ ಒದ್ದೆ ಬಟ್ಟೆ ಹಾಸಿ, ಅದರ ಮೇಲಿಟ್ಟು ಗಂಟಿಲ್ಲದಂತೆ ತಿರುವಿ, ಮತ್ತೆ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಹಬೆಯಾಡಿಸಿ. ಮುದ್ದೆಕೋಲು ಅಲ್ಲಿ ಸಿಗುವುದಿಲ್ಲ. ಒಂದು ಗಟ್ಟಿ ಕೋಲನ್ನು ಇಲ್ಲಿಂದಲೇ ಒಯ್ಯಿರಿ; ಸೂಟ್‌ಕೇಸಿನಲ್ಲಿ ಕೋಡುಬಳೆಗಿಂತ ಅದಕ್ಕೆ ಮೊದಲ ಜಾಗ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಸಾರಿನ ಪುಡಿಯನ್ನು ಇಲ್ಲಿಯೇ ಹುರಿದು, ಬೀಸಿಸಿ, ಗಾಳಿಯಾಡದಂತೆ ಎರಡು ಪದರ ಕವರಿನಲ್ಲಿ ಸೀಲ್ ಮಾಡಿಸಿ. ಮೆಣಸಿನಕಾಯಿ ಹುರಿಯುವ ಘಾಟು ಇಡೀ ಮಹಡಿಯನ್ನು ಕೆಮ್ಮಿಸುತ್ತದೆ. ಜೊತೆಗೆ ಜರ್ಮನಿಯಲ್ಲಿ ವಾಸದ ಮನೆಗಳಲ್ಲಿ ಹೊಗೆ ಪತ್ತೆ ಮಾಡುವ ಅಲಾರಂ ಇರುವುದು ಕಡ್ಡಾಯ. ಹಂಚಿಕೊಂಡ ಅಡುಗೆಮನೆಯಲ್ಲಿ ಮೊದಲ ವಾರವೇ ಅದನ್ನು ಕೂಗಿಸುವುದು ಬೇಡ. ಚಟ್ನಿಪುಡಿ, ಹುಚ್ಚೆಳ್ಳು ಪುಡಿ, ಪುಳಿಯೋಗರೆ ಗೊಜ್ಜು, ನಮ್ಮ ಕಡೆಯ ಹುಣಸೆಹಣ್ಣು ಒಂದು ಉಂಡೆ, ಇವಿಷ್ಟು ಸಾಕು. ಗೊಜ್ಜು, ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿ ಇಡಬೇಡಿ. ತಪಾಸಣೆಯವರು ಅವನ್ನು ದ್ರವವೆಂದೇ ಎಣಿಸಿ, 100 ಮಿಲಿಲೀಟರ್ ಮೀರಿದರೆ ತೆಗೆದಿಡಬಹುದು.

ಈಗ ತರಬಾರದವುಗಳು. ತಿಪಟೂರಿನವಳಾಗಿ ಇದನ್ನು ಬರೆಯಲು ನನಗೆ ಕಷ್ಟವೇ ಆಗುತ್ತದೆ, ಆದರೂ ಹೇಳಲೇಬೇಕು: ಕೊಬ್ಬರಿ ಒಯ್ಯಬೇಡಿ. ಎಣ್ಣೆಯಂಶ ಹೆಚ್ಚಾದ್ದರಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿ ಸೇರಿದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿ ಅದನ್ನು ಹೊರಗಿಡಿಸಿದರೆ ವಾದ ಮಾಡಲು ಬರುವುದಿಲ್ಲ. ಅಲ್ಲಿ ಒಣ ತೆಂಗಿನ ತುರಿ ಎಲ್ಲ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುತ್ತದೆ, ಹಸಿ ಕಾಯಿತುರಿ ಏಷ್ಯಾದವರ ಅಂಗಡಿಯ ಫ್ರೀಜರಿನಲ್ಲಿರುತ್ತದೆ. ಗಸಗಸೆಯನ್ನಂತೂ ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ. ನಿಮ್ಮ ವಿಮಾನ ದುಬೈ ಅಥವಾ ಅಬುಧಾಬಿಯ ಮೂಲಕ ಹೋಗುವುದಾದರೆ, ಆ ದೇಶದ ಕಾನೂನಿನಲ್ಲಿ ಗಸಗಸೆ ನಿಷಿದ್ಧ ವಸ್ತು, ಅದರ ಪರಿಣಾಮ ಜೈಲಿನವರೆಗೆ ಹೋಗಬಲ್ಲದು. ಜರ್ಮನಿಯಲ್ಲಿಯಾದರೋ ಗಸಗಸೆಯನ್ನು ಬ್ರೆಡ್ಡಿಗೆ, ಕೇಕಿಗೆ ಧಾರಾಳವಾಗಿ ಹಾಕುತ್ತಾರೆ. ಕಪ್ಪು ನೀಲಿ ಬಣ್ಣದ್ದು ಎಂಬುದೊಂದೇ ವ್ಯತ್ಯಾಸ, ಪಾಯಸಕ್ಕೆ ಆಗುತ್ತದೆ. ಹಾಲು, ಮೊಸರು, ಬೆಣ್ಣೆ, ತುಪ್ಪ, ಮಾಂಸದ ಪದಾರ್ಥಗಳನ್ನು ಹೊರಗಿನ ದೇಶಗಳಿಂದ ಪ್ರಯಾಣಿಕರು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಸೊಪ್ಪು, ಕರಿಬೇವು, ತರಕಾರಿ, ಹಣ್ಣುಗಳಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ.

ತುಪ್ಪ ಒಯ್ಯುವಂತಿಲ್ಲವೆಂದು ಅಮ್ಮ ಬೇಸರ ಮಾಡಿಕೊಂಡರೆ ಸಮಾಧಾನ ಹೇಳಿ. ಅಲ್ಲಿ ಹುಳಿ ಕೆನೆಯಿಂದ ತೆಗೆದ ಬೆಣ್ಣೆಯನ್ನು 'ಜೌವರ್‌ರಾಮ್‌ಬುಟರ್' ಎಂದು ಬೇರೆಯಾಗಿ ಮಾರುತ್ತಾರೆ. ಮೊಸರು ಕಡೆದು ತೆಗೆದ ಬೆಣ್ಣೆಗೆ ಹತ್ತಿರದ್ದಾದ್ದರಿಂದ, ಅದನ್ನು ಕಾಯಿಸಿದರೆ ಮನೆಯ ತುಪ್ಪದ ಘಮವೇ ಬರುತ್ತದೆ. ಹೆಪ್ಪಿಗೆ ಅಲ್ಲಿಯ ಸಾದಾ ಮೊಸರು ಆಗುತ್ತದೆ. ದೋಸೆ, ಇಡ್ಲಿ ಹಿಟ್ಟು ಮಾತ್ರ ಚಳಿಗಾಲದಲ್ಲಿ ಒಂದು ರಾತ್ರಿಗೆ ಹುದುಗುವುದಿಲ್ಲ. ಓವನ್ ಉರಿಸದೆ ಅದರ ದೀಪವನ್ನಷ್ಟೇ ಹಚ್ಚಿ ಪಾತ್ರೆಯನ್ನು ಒಳಗಿಟ್ಟರೆ ಮರುದಿನಕ್ಕೆ ಉಬ್ಬಿರುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟು ಮೃದುವಾಗಿ ಬರಬೇಕೆಂದರೆ ನೆನೆಸಿದ ಅವಲಕ್ಕಿಯನ್ನು ಸೇರಿಸಿ ರುಬ್ಬಿ, ಅಂಚಿರುವ ಚಿಕ್ಕ ಸ್ಟೀಲ್ ತಟ್ಟೆಗಳಲ್ಲಿ ಬೇಯಿಸಿ.

ಅವರೆಕಾಯಿಯನ್ನು ನೀವು ಕೇಳಿರಲಿಲ್ಲ, ಆದರೆ ಡಿಸೆಂಬರ್ ಬಂದ ಕೂಡಲೇ ಕೇಳುತ್ತೀರಿ. ಇಲ್ಲಿ ಸೊಗಡಿನ ಕಾಯಿ ಮಾರುಕಟ್ಟೆಗೆ ಬಂದು, ಮನೆಮನೆಯಲ್ಲಿ ಹಿದುಕಿದ ಬೇಳೆ ಸಾರು ಕುದಿಯುವ ಕಾಲಕ್ಕೆ ಅಲ್ಲಿ ಕುಳಿತವರಿಗೆ ಆಗುವ ಸಂಕಟವನ್ನು ನಾನು ಬಲ್ಲೆ. ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ಗುಜರಾತಿನವರು ಇಷ್ಟಪಡುವ 'ಸುರ್ತಿ ಪಾಪಡಿ ಲಿಲ್ವಾ' ಎಂಬ ಪೊಟ್ಟಣವಿದ್ದರೆ ತನ್ನಿ. ಅದು ಸುಲಿದ ಅವರೆಕಾಳೇ. ಬಿಸಿನೀರಿನಲ್ಲಿ ನೆನೆಸಿದರೆ ಸುಲಭವಾಗಿ ಹಿದುಕಲು ಬರುತ್ತದೆ. ಹೊಲದ ಸೊಗಡು ಅದರಲ್ಲಿ ಉಳಿದಿರುವುದಿಲ್ಲ. ರುಚಿ ಮಾತ್ರ ನಿಜವಾದದ್ದು.

ಮಿಕ್ಸಿಯನ್ನು ಒಯ್ಯಬಹುದು. ಅಲ್ಲಿಯ ವಿದ್ಯುತ್ತೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬೇರೆಯಾದ್ದರಿಂದ ಗಟ್ಟಿಯಾದ ಅಡಾಪ್ಟರ್ ಸಾಕು. ಭಾನುವಾರ ಮತ್ತು ರಾತ್ರಿ ಹತ್ತರ ನಂತರ ಸದ್ದು ಮಾಡಬಾರದೆಂಬ ಕಟ್ಟಳೆಯಿದೆ, ರುಬ್ಬುವುದನ್ನು ಶನಿವಾರ ಹಗಲಿನಲ್ಲಿಯೇ ಮುಗಿಸಿ. ಕುಕ್ಕರ್ ಕೊಳ್ಳುವುದಾದರೆ ಇಂಡಕ್ಷನ್ ಒಲೆಗೆ ಹೊಂದುವ ಸ್ಟೀಲಿನದು ಕೊಳ್ಳಿ.

ತಿರುಗಾಟದ ಊಟಕ್ಕೆ ಬರುತ್ತೇನೆ. ನಮ್ಮ ಹಿರಿಯರು ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆಗೆ ಹೊರಟಾಗ ಕಟ್ಟುತ್ತಿದ್ದ ಬುತ್ತಿ ಯುರೋಪಿನ ರೈಲಿಗೂ ಸರಿಯಾಗಿ ಹೊಂದುತ್ತದೆ. ಅಲ್ಲಿಯ ರೈಲುಗಳಲ್ಲಿ ಮನೆಯ ಊಟ ತಿನ್ನಲು ಯಾರ ಆಕ್ಷೇಪವೂ ಇಲ್ಲ. ಪುಳಿಯೋಗರೆ, ಚಿತ್ರಾನ್ನ, ಚಟ್ನಿಪುಡಿ ಎಣ್ಣೆ ಸವರಿದ ಚಪಾತಿ, ಇವು ತಂಪು ಹವೆಯಲ್ಲಿ ಒಂದು ದಿನ ಕೆಡದೆ ಇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ನಾನು ನಂಬುವುದು ಹುರಿಹಿಟ್ಟನ್ನು. ಅರಳಿಸಿದ ರಾಗಿಯ ಹಿಟ್ಟಿಗೆ ಬೆಲ್ಲದ ಪುಡಿ, ಏಲಕ್ಕಿ ಬೆರೆಸಿ ಡಬ್ಬಿಯಲ್ಲಿಟ್ಟರೆ, ಬೆಟ್ಟ ಹತ್ತುವಾಗಲಿ, ಹಾಸ್ಟೆಲಿನ ಕೋಣೆಯಲ್ಲಾಗಲಿ, ಹಾಲು ಬೆರೆಸಿದ ಎರಡು ನಿಮಿಷಕ್ಕೆ ಊಟ ಸಿದ್ಧ, ಒಲೆ ಬೇಕಿಲ್ಲ. ಲಂಡನ್ನಿಗೆ ಹೋಗುವುದಾದರೆ ಮೊಸರನ್ನದ ಬುತ್ತಿಯನ್ನು ದಾರಿಯಲ್ಲಿಯೇ ಮುಗಿಸಿಬಿಡಿ: 2025ರ ಏಪ್ರಿಲ್ 12ರಿಂದ ಐರೋಪ್ಯ ಒಕ್ಕೂಟದಿಂದ ಡೈರಿ ಪದಾರ್ಥಗಳನ್ನು ಸ್ವಂತಕ್ಕೆ ತರುವುದನ್ನೂ ಬ್ರಿಟನ್ ನಿರ್ಬಂಧಿಸಿದೆ.

ಬುತ್ತಿ ಜೊತೆಯಲ್ಲಿದೆಯೆಂದು ಅಲ್ಲಿಯವರ ಊಟವನ್ನು ದೂರವಿಡಬೇಡಿ. ಮನೆಯ ಊಟ ಗಟ್ಟಿಯಾದಷ್ಟೂ ಹೊರಗಿನದನ್ನು ಧೈರ್ಯವಾಗಿ ಸವಿಯಬಹುದೆಂಬುದು ನಾನು ಕಂಡುಕೊಂಡದ್ದು. ಸ್ಟುಟ್‌ಗಾರ್ಟ್ ಸೀಮೆಯವರ ಅಚ್ಚುಮೆಚ್ಚಿನ ಊಟ ಬೇಯಿಸಿದ ಮಸೂರಕಾಳು ಮತ್ತು 'ಷ್ಪೆಟ್ಸ್ಲೆ' ಎಂಬ ಹಿಟ್ಟಿನ ಎಳೆಗಳು. ಹುಳಿಗೆ ಮೇಲೊಂದಿಷ್ಟು ವಿನೆಗರ್. ಹುರುಳಿಸಾರು ಉಂಡ ನಾಲಿಗೆಗೆ ಅದು ಬೇಗ ಹಿಡಿಸುತ್ತದೆ. ಅದರ ಜೊತೆ ಸಾಸೇಜ್ ಬಡಿಸುವುದು ವಾಡಿಕೆ, ಕಾಳಿನಲ್ಲಿಯೂ ಹಂದಿಮಾಂಸದ ಚೂರುಗಳಿರಬಹುದು. ಸಸ್ಯಾಹಾರಿಯಾಗಿದ್ದರೆ ಮೊದಲೇ ಕೇಳಿ. ಬಿಸಿಲಿನಲ್ಲಿ ಸುತ್ತಿ ದಣಿದಾಗ ತುರ್ಕಿಯವರ ಅಂಗಡಿಯಲ್ಲಿ 'ಆಯ್ರಾನ್' ಕೇಳಿ ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆ ಅದು. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಗಳಿಗೂ ಅದೇ ಅಂಗಡಿಗಳು ಅನುಕೂಲ. ವಿಶ್ವವಿದ್ಯಾಲಯದ ಭೋಜನಶಾಲೆ 'ಮೆನ್ಜಾ'ದಲ್ಲಿ ಮಧ್ಯಾಹ್ನದ ಊಟ ವಿದ್ಯಾರ್ಥಿಗಳಿಗೆ ಅಗ್ಗ. ಅಲ್ಲಿ ಮಧ್ಯಾಹ್ನ ಉಂಡು, ರಾತ್ರಿಗೆ ಮುದ್ದೆಯನ್ನೋ ಅನ್ನ ಸಾರನ್ನೋ ಇಟ್ಟುಕೊಂಡರೆ ಓದಿಗೂ ಸಮಯ ಉಳಿಯುತ್ತದೆ.

ಇನ್ನೊಂದು ಮಾತು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ಮಕ್ಕಳ ಸಾಲಿನಲ್ಲಿ ಕುಳಿತು ಮುದ್ದೆ ಉಂಡವರಿಗೆ ಒಬ್ಬರೇ ಕೋಣೆಯಲ್ಲಿ ಕುಳಿತು ಉಣ್ಣುವ ಊಟ ಎಷ್ಟೇ ರುಚಿಯಾಗಿದ್ದರೂ ಗಂಟಲಲ್ಲಿ ಇಳಿಯುವುದು ಕಷ್ಟ. ವಾರಕ್ಕೊಮ್ಮೆಯಾದರೂ ಸಾರನ್ನು ಹೆಚ್ಚು ಮಾಡಿ, ಪಕ್ಕದ ಕೋಣೆಯವರನ್ನು ಕರೆಯಿರಿ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ತೋರಿಸಿಕೊಡಿ, ಇಷ್ಟವಾಗದಿದ್ದರೆ ಅನ್ನ ಬಡಿಸಿ. ಅವರು ಮಾಡಿದ್ದನ್ನು ಕರೆದಾಗ ತಪ್ಪದೆ ಹೋಗಿ. ಕನ್ನಡಿಗರ ಸಂಘಗಳು ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಸೇರುತ್ತವೆ. ಅಲ್ಲಿ ಬಡಿಸುವ ಕೆಲಸಕ್ಕೆ ನಿಂತರೆ ಪರಿಚಯ ತಾನಾಗಿ ಆಗುತ್ತದೆ.

ಕೊನೆಯದಾಗಿ, ನೀವು ತಲುಪುವ ದಿನ ಯಾವ ವಾರವೆಂದು ನೋಡಿಕೊಳ್ಳಿ. ಭಾನುವಾರಗಳಲ್ಲಿ, ಅಕ್ಟೋಬರ್ 3ರ ರಾಷ್ಟ್ರೀಯ ರಜೆಯಂದು ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದ ಕೆಲವು ಮಾತ್ರ ತೆರೆದಿರುತ್ತವೆ. ಶನಿವಾರ ರಾತ್ರಿ ಇಳಿಯುವುದಾದರೆ ಎರಡು ದಿನಕ್ಕಾಗುವಷ್ಟು ಅವಲಕ್ಕಿ, ಹುರಿಹಿಟ್ಟು, ಒಂದು ಚಿಕ್ಕ ಪಾತ್ರೆ, ಒಂದು ಚಮಚವನ್ನು ಸೂಟ್‌ಕೇಸಿನಲ್ಲಿ ಕೈಗೆ ಮೊದಲು ಸಿಗುವಂತೆ ಮೇಲ್ಗಡೆ ಇಡಿ. ಸೋಮವಾರ ರಾಗಿಹಿಟ್ಟಿನ ಅಂಗಡಿ ಹುಡುಕಲು ಹೊರಡುವ ಮುನ್ನ ನನಗೆ ತಿಳಿಸಿ, ನಿಮ್ಮ ಕೋಣೆಗೆ ಹತ್ತಿರದ್ದು ಯಾವುದೆಂದು ಹೇಳುತ್ತೇನೆ.