ಒಂಟಿ ಓಟು ದಂಡವಾಯಿತೇ?

ಮೇಷ್ಟ್ರೇ, ನಮಸ್ಕಾರ.

ಹೋದ ಸಂಚಿಕೆಯಲ್ಲಿ, ಯುದ್ಧ ಬೇಡ ಅಂತ ಸಂಸತ್ತಿನಲ್ಲಿ ಓಟು ಹಾಕಿದ ಅಮೆರಿಕದ ಜೆನೆಟ್ ರ‍್ಯಾಂಕಿನ್ ಬಗ್ಗೆ ಬಂದ ಬರಹ ಓದಿ ನೀವು ಮಾಲೂರು ಕಡೆಯಿಂದ ಬರೆದ ಪತ್ರ ತಲುಪಿತು. "ಆಯಮ್ಮ ಒಬ್ಬರೇ ಬೇಡ ಅಂದರು, ಯುದ್ಧ ನಿಂತಿತೇ? ನಾನೂ ಪಂಚಾಯ್ತಿ ಸದಸ್ಯನಾಗಿದ್ದಾಗ ಕೆರೆಯಂಗಳದ ಜಾಗ ಕೊಡಬೇಡಿ ಅಂತ ಒಬ್ಬನೇ ಹೇಳಿದೆ. ಠರಾವು ಪಾಸಾಯ್ತು. ಮುಂದಿನ ಸಲ ಜನ ನನ್ನನ್ನೇ ಸೋಲಿಸಿದರು. ಏನು ಬಂತು?" ಅಂತ ಕೇಳಿದ್ದೀರಿ. ಓದಿ ಮನಸ್ಸಿಗೆ ಕಷ್ಟವಾಯಿತು.

ಯುದ್ಧ ನಿಲ್ಲಲಿಲ್ಲ, ನಿಜ. 1917ರ ಏಪ್ರಿಲ್‌ನಲ್ಲಿ ರ‍್ಯಾಂಕಿನ್ ಮೊದಲ ಸಲ, ಒಂದನೇ ಮಹಾಯುದ್ಧಕ್ಕೆ ಇಳಿಯುವುದು ಬೇಡ ಅಂದಾಗ ಜೊತೆಗೆ ಇನ್ನೂ 49 ಜನ ಇದ್ದರು. ಅಮೆರಿಕದ ಸಂಸತ್ತಿಗೆ ಗೆದ್ದ ಮೊದಲ ಹೆಂಗಸು ಅವರು, ಪ್ರಮಾಣವಚನ ತೆಗೆದುಕೊಂಡು ನಾಲ್ಕೇ ದಿನವಾಗಿತ್ತು. 1941ರ ಡಿಸೆಂಬರ್ 8ರಂದು, ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ ಮಾರನೇ ದಿನ, ಜಪಾನ್ ಮೇಲೆ ಯುದ್ಧ ಸಾರಬೇಕು ಅಂತ 388 ಜನ ಒಂದು ಕಡೆ, ಅವರೊಬ್ಬರೇ ಇನ್ನೊಂದು ಕಡೆ. ಹೊರಗೆ ಬರುತ್ತಿದ್ದಂತೆ ಸಿಟ್ಟಾದ ಜನ ಮುತ್ತಿಕೊಂಡರು. ಅರವತ್ತು ದಾಟಿದ ಹೆಂಗಸು ಟೆಲಿಫೋನ್ ಬೂತಿನೊಳಗೆ ಸೇರಿಕೊಂಡು ಪೊಲೀಸರಿಗೆ ಫೋನ್ ಮಾಡಬೇಕಾಯಿತು. ಆ ಇಕ್ಕಟ್ಟು ಗೂಡು ನನ್ನ ಕಣ್ಣಿಂದ ಹೋಗುತ್ತಲೇ ಇಲ್ಲ. ಹಿಟ್ಲರನ ಕಾಲ ಅದು. ನಾನಾಗಿದ್ದರೆ ಆ ದಿನ ಯುದ್ಧದ ಪರವೇ ಕೈ ಎತ್ತುತ್ತಿದ್ದೆನೇನೋ. ಆದರೂ ಅವರ ಮೇಲಿನ ಗೌರವ ಒಂದು ಕಾಳಿನಷ್ಟೂ ಕಡಿಮೆಯಾಗಿಲ್ಲ.

ನಿಮಗೆ ಹೇಳಬೇಕು ಅನ್ನಿಸಿದ್ದು ಈ ಎರಡು ಓಟುಗಳ ನಡುವಿನ 24 ವರ್ಷದ ಮಾತು. 1917ರ ಜೂನ್‌ನಲ್ಲಿ ಅವರ ರಾಜ್ಯ ಮೊಂಟಾನಾದ ತಾಮ್ರದ ಗಣಿಗೆ ಬೆಂಕಿ ಬಿದ್ದು 168 ಕಾರ್ಮಿಕರು ಸತ್ತರು. ಗಣಿಗೆ ಇಳಿದವರು ವಾಪಸು ಬಾರದಿದ್ದರೆ ಮನೆ ಏನಾಗುತ್ತದೆ ಅಂತ ನಮ್ಮ ಕೆಜಿಎಫ್ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮುಷ್ಕರ ಹೂಡಿದ ಕಾರ್ಮಿಕರ ಪರ ರ‍್ಯಾಂಕಿನ್ ನಿಂತರು. ಮರುವರ್ಷ ಸೆನೆಟ್‌ಗೆ ಸ್ಪರ್ಧಿಸಿ ಸೋತರು. ಆಮೇಲೆ ಜಾರ್ಜಿಯಾದ ಹಳ್ಳಿಯೊಂದರಲ್ಲಿ ಜಮೀನು ತೆಗೆದುಕೊಂಡು, ಕರೆಂಟೂ ನಲ್ಲಿಯೂ ಇಲ್ಲದ ಮನೆಯಲ್ಲಿ ಇದ್ದರು. 1928ರಲ್ಲಿ ಅಲ್ಲೇ ಒಂದು ಶಾಂತಿ ಸಂಘ ಕಟ್ಟಿದರು. ಅಧಿಕಾರ ಇಲ್ಲ, ಕುರ್ಚಿ ಇಲ್ಲ. ಯುದ್ಧ ಬೇಡ ಅಂತ ಜನರ ಮುಂದೆ ಮಾತಾಡುವುದೇ ಕೆಲಸ. 1940ರಲ್ಲಿ ಅದೇ ಮೊಂಟಾನಾ ಜನ ಅವರನ್ನು ಮತ್ತೆ ಗೆಲ್ಲಿಸಿದರು. ಅಷ್ಟು ವರ್ಷದ ಮಾತು ಬೆನ್ನಿಗಿದ್ದದ್ದರಿಂದಲೇ 1941ರಲ್ಲಿ ಒಬ್ಬರೇ ನಿಲ್ಲಲಾಯಿತು ಅಂತ ನನ್ನ ಭಾವನೆ.

ಆಮೇಲೂ ಸುಮ್ಮನೆ ಕೂರಲಿಲ್ಲ. ಗಾಂಧೀಜಿಯ ದಾರಿ ತಿಳಿಯಲು ನಮ್ಮ ದೇಶಕ್ಕೆ ಹಲವು ಸಲ ಬಂದುಹೋದರು. 1968ರ ಜನವರಿಯಲ್ಲಿ ವಿಯೆಟ್ನಾಂ ಯುದ್ಧ ನಿಲ್ಲಿಸಿ ಅಂತ ವಾಷಿಂಗ್ಟನ್‌ನಲ್ಲಿ ಸಾವಿರಾರು ಹೆಂಗಸರ ಮುಂದೆ ನಡೆದರು. ಆಗ ಅವರಿಗೆ 87 ವರ್ಷ.

ಮೇಷ್ಟ್ರೇ, ನೀವು ಬೇಡ ಅಂದಿದ್ದನ್ನು ಅವತ್ತು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರಾ? ಒಂದು ನಕಲು ತೆಗೆಸಿ. ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ಅಂದರೆ ಕೆ.ಸಿ. ವ್ಯಾಲಿ ನೀರು, ನಮ್ಮ ಕೆರೆಗಳಿಗೆ ಹರಿಯುತ್ತಿರುವ ಈ ಹೊತ್ತಿನಲ್ಲಿ ಅಂಗಳದ ಒಂದೊಂದು ಗುಂಟೆಯೂ ಬೇಕು. ಅವತ್ತು ಏನೇನಾಯಿತು ಅಂತ ನಿಮ್ಮ ಕೈಯಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ.

— ಸಂ.