ಮಳೆಗೆ ಬಿದ್ದ ಹಲಸಿನ ಮರದಿಂದ ಮೇಜು ಮಾಡಿಸಬೇಕು. ಹಸಿ ಮರ ಬಿರುಕು ಬಿಡದಂತೆ ಒಣಗಿಸುವುದು ಹೇಗೆ?

ಇವತ್ತೇ ದಿಮ್ಮಿಯ ಎರಡೂ ತುದಿಗೆ ದಪ್ಪಗೆ ಪೇಂಟ್ ಅಥವಾ ಕರಗಿಸಿದ ಮೇಣ ಬಳಿಯಿರಿ. ನೀರು ಬೇಗ ಆರುವುದು ತುದಿಯಿಂದ. ಬಿರುಕು ಶುರುವಾಗುವುದೂ ಅಲ್ಲೇ.

ಆಮೇಲೆ ತಡಮಾಡದೆ ಸಾಮಿಲ್‌ಗೆ ಒಯ್ದು ಹಲಗೆ ಕೊಯ್ಯಿಸಿ. ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ನಡುವಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಸುತ್ತಳತೆಯ ಕಡೆಗೆ ಸುಮಾರು ಎರಡರಷ್ಟು ಜಾಸ್ತಿ ಕುಗ್ಗುತ್ತದೆ. ಅದಕ್ಕೇ ಇಡೀ ದಿಮ್ಮಿ ನಡುವಿನವರೆಗೂ ಸೀಳುತ್ತದೆ. 1 ಇಂಚಿನ ಹಲಗೆ ಬೇಕಿದ್ದರೆ ಒಂದೂಕಾಲು ಇಂಚು ಕೊಯ್ಯಿಸಿ. ಕುಗ್ಗಲು, ಹತ್ತರಿ ಹೊಡೆಯಲು ಅಷ್ಟು ಬೇಕೇ ಬೇಕು.

ಹಲಗೆಗಳನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ, ನೆಲದಿಂದ ಒಂದಡಿ ಮೇಲೆ ಪೇರಿಸಿ. ಹಲಗೆಗಳ ನಡುವೆ ಒಂದೂವರೆ ಅಡಿಗೊಂದರಂತೆ ಮುಕ್ಕಾಲು ಇಂಚಿನ ಒಣ ರೀಪು ಇಡಿ. ಮೇಲಿನ ರೀಪು ಕೆಳಗಿನದರ ನೇರಕ್ಕೇ ಬರಲಿ, ಆಚೀಚೆಯಾದರೆ ಹಲಗೆ ಸೊಟ್ಟಗಾಗುತ್ತದೆ. ಮೇಲೆ ಕಲ್ಲು ಹೇರಿ. ಬೇಗ ಆಗಲಿ ಅಂತ ಬಿಸಿಲಿಗೆ ಮಾತ್ರ ಹಾಕಬೇಡಿ. ಹೊರಮೈ ಒಣಗಿ, ಒಳಗೆ ಹಸಿ ಉಳಿದು, ಮೈತುಂಬ ಸೀಳು ಬರುತ್ತದೆ.

ಒಂದು ಇಂಚು ದಪ್ಪದ ಹಲಗೆ ಒಣಗಲು ಒಂದು ವರ್ಷ ಅನ್ನುವುದು ಬರೀ ಅಂದಾಜು. ನಾನು ನಂಬುವುದು ತಕ್ಕಡಿಯನ್ನೇ. ಒಂದು ತುಂಡನ್ನು ತಿಂಗಳಿಗೊಮ್ಮೆ ತೂಗಿ, ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ಬೇಸಿಗೆಯಲ್ಲೂ ತೂಕ ಇಳಿಯದಿದ್ದರೆ ಮರ ಆರಿದೆ. ಮಳೆಗಾಲದಲ್ಲಿ ತೂಕ ನಿಂತರೆ ನಂಬಬೇಡಿ, ಆಗ ಗಾಳಿಯಲ್ಲೇ ತೇವ ಇರುತ್ತದಲ್ವಾ.